ಗಡಿಗೆರೆಯೊಳಗಿನ ಮಿಡ್ಲ್ ಸ್ಕೂಲು

ಅಮೆರಿಕದ ಯಾವುದೇ ಉಪನಗರದ ಮಿಡ್ಲ್ ಸ್ಕೂಲು ತನ್ನನ್ನು ಪರಿಚಯಿಸಿಕೊಳ್ಳುವುದು ಮೂರು ಮಾತುಗಳಲ್ಲಿ. ಮೊದಲು ತನ್ನ ಹಿನ್ನೆಲೆ, ಅಂದರೆ ಯಾವಾಗ ಶುರುವಾಯಿತು, ಯಾರ ಹೆಸರಿಟ್ಟರು ಎಂಬುದು. ಆಮೇಲೆ ತಾನು ನಂಬಿದ ಮೌಲ್ಯಗಳು: ಪರಸ್ಪರ ಗೌರವ, ಜವಾಬ್ದಾರಿ, ಪ್ರತಿ ಮಗುವಿನ ಮೇಲೂ ಗಮನ. ಕೊನೆಗೆ ಮಕ್ಕಳ ಸಾಧನೆ: ರಾಜ್ಯ ಪರೀಕ್ಷೆಯಲ್ಲಿ ಶೇಕಡಾ ಎಷ್ಟು ಮಂದಿ ಗಣಿತದಲ್ಲಿ ದಾಟಿದರು, ಬ್ಯಾಂಡ್ ಯಾವ ಸ್ಪರ್ಧೆ ಗೆದ್ದಿತು. ನ್ಯೂಜೆರ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೋಗಿ ನೆಲೆಸುವ ಕನ್ನಡದ ಸಂಸಾರಗಳು ಮನೆ ಹುಡುಕುವ ಮೊದಲೇ ಈ ಮೂರನ್ನೂ ಓದಿಕೊಳ್ಳುತ್ತವೆ. ಮೌಲ್ಯ ಒಳ್ಳೆಯದಿದ್ದುದರಿಂದ ಸಾಧನೆ ಬಂತು, ಸಾಧನೆಯಿಂದ ಶಾಲೆಗೆ ಹೆಸರು ಬಂತು ಎಂದು ನಂಬುತ್ತವೆ. ಈ ನಂಬಿಕೆ ಇತಿಹಾಸದ ಎದುರು ನಿಲ್ಲುವುದಿಲ್ಲ. ಉಪನಗರದ ಮಿಡ್ಲ್ ಸ್ಕೂಲಿನ ಮೌಲ್ಯವನ್ನೂ ಸಾಧನೆಯನ್ನೂ ಬಹುಮಟ್ಟಿಗೆ ತೀರ್ಮಾನಿಸಿದ್ದು ಅದರ ಸುತ್ತ ಎಳೆದ ಒಂದು ಗಡಿಗೆರೆ, ಮತ್ತು ಆ ಗೆರೆಯೊಳಗಿನ ಆಸ್ತಿಯಿಂದ ಹುಟ್ಟುವ ತೆರಿಗೆ. ಇದಕ್ಕೆ ನ್ಯೂಯಾರ್ಕ್ ನಗರದ ಪೂರ್ವಕ್ಕೆ ಚಾಚಿಕೊಂಡಿರುವ ಲಾಂಗ್ ಐಲೆಂಡಿನಷ್ಟು ಸ್ಪಷ್ಟವಾದ ಸಾಕ್ಷಿ ಬೇರೆಡೆ ಸಿಗುವುದು ಕಷ್ಟ.

ಮಿಡ್ಲ್ ಸ್ಕೂಲು ಎಂಬ ಪ್ರತ್ಯೇಕ ಮಜಲು ಅಮೆರಿಕದಲ್ಲಿ ಮೊದಲಿನಿಂದ ಇದ್ದದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಹೈಸ್ಕೂಲು ಎಂಬ ಲೆಕ್ಕವಿತ್ತು. 1892ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ನೇತೃತ್ವದಲ್ಲಿ ಕೂತ ಹತ್ತು ಜನರ ಸಮಿತಿ, ಬೀಜಗಣಿತವನ್ನೂ ವಿದೇಶಿ ಭಾಷೆಗಳನ್ನೂ ಇನ್ನೂ ಬೇಗ ಶುರು ಮಾಡಬೇಕೆಂದು ಹೇಳಿ, ಪ್ರೌಢ ಶಿಕ್ಷಣವನ್ನು ಎರಡು ವರ್ಷ ಕೆಳಕ್ಕೆ ತರುವ ಯೋಚನೆ ಮುಂದಿಟ್ಟಿತು. 1904ರಲ್ಲಿ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಹಾಲ್ ಹದಿಹರೆಯದ ಮೇಲೆ ಬರೆದ ದೊಡ್ಡ ಗ್ರಂಥ ಆ ವಯಸ್ಸೇ ಬೇರೆ, ಅದರ ಮನಸ್ಸೇ ಬೇರೆ ಎಂಬ ಭಾವನೆಯನ್ನು ಬಿತ್ತಿತು. 1909ರಲ್ಲಿ ಲೆನರ್ಡ್ ಏರ್ಸ್, ಎಷ್ಟು ಮಕ್ಕಳು ಒಂದೇ ತರಗತಿಯಲ್ಲಿ ಕೊಳೆತು ಕೊನೆಗೆ ಶಾಲೆ ಬಿಡುತ್ತಾರೆಂದು ಅಂಕಿ ಸಮೇತ ತೋರಿಸಿದರು. ಅದೇ ವರ್ಷ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ, ಮರುವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೊದಲ ಜೂನಿಯರ್ ಹೈಸ್ಕೂಲುಗಳು ಬಾಗಿಲು ತೆರೆದವು. ಮುಂದಿನ ಐವತ್ತು ವರ್ಷ ಏಳು, ಎಂಟು, ಒಂಬತ್ತನೆಯ ತರಗತಿಗಳ ಜೂನಿಯರ್ ಹೈ ದೇಶದ ತುಂಬ ಹರಡಿತು. ಆದರೆ ಅದು ಹೆಸರಿಗೆ ತಕ್ಕಂತೆ ಹೈಸ್ಕೂಲಿನ ಚಿಕ್ಕ ನಕಲಾಗಿಬಿಟ್ಟಿತು. 1963ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಸಮ್ಮೇಳನದಲ್ಲಿ ವಿಲಿಯಂ ಅಲೆಕ್ಸಾಂಡರ್ ಈ ಕೊರತೆಯನ್ನು ಎತ್ತಿ ಹೇಳಿ, ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆಂದೇ ರೂಪಿಸಿದ ಮಿಡ್ಲ್ ಸ್ಕೂಲು ಬೇಕೆಂದು ವಾದಿಸಿದರು. ಆ ಚಳವಳಿಗೆ ಅವರನ್ನೇ ಪಿತಾಮಹ ಎನ್ನುತ್ತಾರೆ. ಆದರೆ ಅದೇ ಅಲೆಕ್ಸಾಂಡರ್ ಅರವತ್ತರ ದಶಕದ ಕೊನೆಯಲ್ಲಿ, ನೀವೇಕೆ ಮಿಡ್ಲ್ ಸ್ಕೂಲಿಗೆ ಬದಲಾದಿರಿ ಎಂದು ಶಾಲೆಗಳನ್ನು ಕೇಳಿದಾಗ ಹೆಚ್ಚಾಗಿ ಬಂದ ಉತ್ತರ ಮಕ್ಕಳ ಮನಸ್ಸಿನ ಬಗ್ಗೆ ಆಗಿರಲಿಲ್ಲ. ಬೇರೆ ಶಾಲೆಗಳಲ್ಲಿ ಜಾಗ ಸಾಲದಾಗಿತ್ತು, ಅಷ್ಟೆ. 1946ರಿಂದ 1964ರ ನಡುವೆ ಆ ದೇಶದಲ್ಲಿ ಏಳು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟಿದ್ದರು. ಒಂಬತ್ತನೆಯ ತರಗತಿಯನ್ನು ಮೇಲಕ್ಕೆ ಕಳಿಸಿ ಆರನೆಯದನ್ನು ಕೆಳಗಿನಿಂದ ಎತ್ತಿಕೊಂಡರೆ ಕಟ್ಟಡಗಳ ಲೆಕ್ಕ ಸರಿಹೋಗುತ್ತಿತ್ತು. ಆದರ್ಶವೂ ಅನುಕೂಲವೂ ಒಂದೇ ಬಾಗಿಲಿನಿಂದ ಒಳಬಂದವು.

ಆ ಮಕ್ಕಳು ಬೆಳೆದ ಊರುಗಳ ಮಾದರಿ ಲೆವಿಟೌನ್. 1947ರಲ್ಲಿ ಲಾಂಗ್ ಐಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಂಡು ಲೆವಿಟ್ ಕಂಪನಿ ಮನೆ ಕಟ್ಟಲು ತೊಡಗಿತು. ಕೆಲಸವನ್ನು ಇಪ್ಪತ್ತೇಳು ಹಂತಗಳಾಗಿ ಒಡೆದರು. ಒಂದು ತಂಡ ನೆಲಕ್ಕೆ ಕಾಂಕ್ರೀಟ್ ಹಾಕಿ ಮುಂದಿನ ನಿವೇಶನಕ್ಕೆ ಹೋದರೆ ಇನ್ನೊಂದು ತಂಡ ಹಿಂದೆಯೇ ಬಂದು ಗೋಡೆ ಎಬ್ಬಿಸುತ್ತಿತ್ತು. ಕೆಲಸ ಬಿರುಸಾಗಿದ್ದ ದಿನಗಳಲ್ಲಿ ದಿನಕ್ಕೆ ಮೂವತ್ತು ಮನೆ ಎದ್ದವು. 1951ರ ಹೊತ್ತಿಗೆ ಒಟ್ಟು 17,447 ಮನೆಗಳಾಗಿದ್ದವು. ಮೊದಲ ಮನೆಗಳು ಇಪ್ಪತ್ತೈದು ಅಡಿಗೆ ಮೂವತ್ತು ಅಡಿ, ಎರಡು ಮಲಗುವ ಕೋಣೆ, ಮೇಲೆ ಮುಗಿಸದೆ ಬಿಟ್ಟ ಅಟ್ಟ. 1949ರ ಹೊಸ ಮಾದರಿಯ ಬೆಲೆ 7,990 ಡಾಲರ್. ಯುದ್ಧದಿಂದ ಮರಳಿದ ಸೈನಿಕನಿಗೆ ಸರ್ಕಾರದ ಖಾತರಿಯ ಸಾಲ ಸಿಗುತ್ತಿತ್ತು, ಕೈಯಿಂದ ಹಾಕಬೇಕಾದ ಹಣ ಏನೂ ಇಲ್ಲವೆಂಬಷ್ಟು ಕಡಿಮೆ. ಆದರೆ ಆ ಸೈನಿಕ ಬಿಳಿಯನಾಗಿರಬೇಕಿತ್ತು. ಮೊದಲ ಕರಾರು ಪತ್ರಗಳಲ್ಲಿ, ಮನೆಗೆಲಸದವರ ಹೊರತು ಬಿಳಿಯರಲ್ಲದ ಯಾರಿಗೂ ಮನೆಯನ್ನು ಬಳಸಲು ಬಿಡಬಾರದೆಂಬ ಷರತ್ತೇ ಅಚ್ಚಾಗಿತ್ತು. 1948ರಲ್ಲಿ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಬರಹ ಹೋಯಿತು, ಪದ್ಧತಿ ಉಳಿಯಿತು. ಇಲ್ಲಿ ಒಂದು ಸಂಗತಿಯನ್ನು ಬಿಡುವಂತಿಲ್ಲ. ಗೃಹಸಾಲಗಳಿಗೆ ಖಾತರಿ ಕೊಡುತ್ತಿದ್ದ ಕೇಂದ್ರ ಸರ್ಕಾರದ ಸಂಸ್ಥೆಯ 1938ರ ಕೈಪಿಡಿ, ಒಂದು ಬಡಾವಣೆಯ ಬೆಲೆ ಕಟ್ಟುವಾಗ ಅಲ್ಲಿನ ಶಾಲೆಯನ್ನೂ ನೋಡಬೇಕೆಂದು ತನ್ನ ಅಧಿಕಾರಿಗಳಿಗೆ ಸೂಚಿಸಿತ್ತು. ಆ ಶಾಲೆಯಲ್ಲಿ ತೀರ ಕೆಳಗಿನ ಸಾಮಾಜಿಕ ಮಟ್ಟದ ಅಥವಾ ಹೊಂದಿಕೆಯಾಗದ ಜನಾಂಗದ ಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರೆ ಆ ಬಡಾವಣೆಯ ದರ್ಜೆ ಇಳಿಸಬೇಕು ಎಂಬುದು ಅದರ ತಾತ್ಪರ್ಯ. ಮಕ್ಕಳ ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದು ಮನೆಯ ಬೆಲೆಯೊಳಗೆ ಸೇರಿದ್ದು ಮಾರುಕಟ್ಟೆಯ ಸಹಜ ನಡೆಯಿಂದಲ್ಲ, ಸರ್ಕಾರದ ಲಿಖಿತ ಆದೇಶದಿಂದ.

ಇಲ್ಲಿಯವರೆಗಿನದು ಅಮೆರಿಕದ ಉಪನಗರಗಳ ಇತಿಹಾಸ ಬಲ್ಲವರಿಗೆ ಗೊತ್ತಿರುವ ಕಥೆ. ಗೆರೆಯೊಳಗೆ ಸೇರಿಕೊಂಡವರಿಗೂ ಅದೇ ಗೆರೆ ಏನು ಮಾಡಿತು ಎಂಬ ಭಾಗವನ್ನು ಹೇಳುವವರು ಕಡಿಮೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಮೇಷ್ಟರ ಸಂಬಳ ರಾಜ್ಯದ ಖಜಾನೆಯಿಂದ ಬರುತ್ತದೆ. ಹಳ್ಳಿ ಬಡವಾದರೂ ಸಂಬಳ ಅಷ್ಟೇ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಹಲವೆಡೆ ಊರಿಗೊಂದು ಶಾಲಾ ಜಿಲ್ಲೆ. ಅದು ತನ್ನ ಗಡಿಯೊಳಗಿನ ಮನೆ, ಅಂಗಡಿ, ಕಾರ್ಖಾನೆಗಳ ಮೇಲೆ ತೆರಿಗೆ ಹಾಕಿ ಶಾಲೆ ನಡೆಸಬೇಕು, ರಾಜ್ಯದ ಸಹಾಯ ಅದರ ಮೇಲೆ. ಲಾಂಗ್ ಐಲೆಂಡಿನಲ್ಲಿ ಇಂಥ ಜಿಲ್ಲೆಗಳು ನೂರಕ್ಕೂ ಹೆಚ್ಚಿವೆ. ಲೆವಿಟ್ ಕಟ್ಟಿದ ಮನೆಗಳೇ ಹಲವು ಶಾಲಾ ಜಿಲ್ಲೆಗಳಿಗೆ ಹಂಚಿಹೋಗಿವೆ. ಒಂದು ಪಾಲು ಲೆವಿಟೌನ್ ಜಿಲ್ಲೆಗೆ, ಒಂದು ಪಾಲು ಐಲೆಂಡ್ ಟ್ರೀಸ್‌ಗೆ, ಇನ್ನೊಂದಿಷ್ಟು ಇವತ್ತು ಭಾರತೀಯ ಅಂಗಡಿಗಳಿಗೆ ಹೆಸರಾದ ಹಿಕ್ಸ್‌ವಿಲ್‌ಗೆ. ಲೆವಿಟೌನಿನಲ್ಲಿ ಇದ್ದದ್ದು ಏನು? ಸಣ್ಣ ಮನೆಗಳು ಮತ್ತು ಮನೆ ತುಂಬ ಮಕ್ಕಳು. ದೊಡ್ಡ ಕಾರ್ಖಾನೆ ಇಲ್ಲ, ಕಚೇರಿ ಸಮುಚ್ಚಯ ಇಲ್ಲ. ತಲಾ ವಿದ್ಯಾರ್ಥಿಗೆ ಬರುವ ಆಸ್ತಿ ಮೌಲ್ಯ ಕಡಿಮೆಯಾದುದರಿಂದ ತೆರಿಗೆ ದರ ಏರಿಸಿದರೂ ಬೊಕ್ಕಸ ತುಂಬುತ್ತಿರಲಿಲ್ಲ. 1974ರಲ್ಲಿ ಈ ಜಿಲ್ಲೆ ನ್ಯೂಯಾರ್ಕ್ ರಾಜ್ಯದ ಮೇಲೆಯೇ ದಾವೆ ಹೂಡಿತು. ಇನ್ನೂ ಹಲವು ಬಡ ಜಿಲ್ಲೆಗಳು ಜೊತೆಗೂಡಿದವು, ನ್ಯೂಯಾರ್ಕ್, ಬಫೆಲೊದಂಥ ದೊಡ್ಡ ನಗರಗಳೂ ಬಂದು ಸೇರಿಕೊಂಡವು. ಉಪನಗರದ ಸಮೃದ್ಧಿಗೆ ಪರ್ಯಾಯ ಪದವಾಗಿದ್ದ ಊರೇ ನಮ್ಮ ಮಕ್ಕಳಿಗೆ ಅನ್ಯಾಯವಾಗಿದೆ ಎಂದು ಕಟಕಟೆ ಹತ್ತಿತು. ಮೊದಲ ನ್ಯಾಯಾಲಯ 1978ರಲ್ಲಿ ಅವರ ಪರ ನಿಂತಿತು. 1982ರ ಜೂನ್‌ನಲ್ಲಿ ರಾಜ್ಯದ ಉಚ್ಚ ಪೀಠ ಅದನ್ನು ತಿರುವಿಹಾಕಿತು. ರಾಜ್ಯದ ಸಂವಿಧಾನ ಕೇಳುವುದು ಭದ್ರವಾದ ಮೂಲ ಶಿಕ್ಷಣವನ್ನು ಮಾತ್ರ, ಜಿಲ್ಲೆ ಜಿಲ್ಲೆಗಳ ನಡುವೆ ಸಮಾನತೆಯನ್ನಲ್ಲ, ಸ್ಥಳೀಯರು ತಮ್ಮ ಶಾಲೆಯನ್ನು ತಾವೇ ನಡೆಸಿಕೊಳ್ಳುವ ಹಕ್ಕಿಗಾಗಿ ಈ ವ್ಯತ್ಯಾಸವನ್ನು ಸಹಿಸಬಹುದು ಎಂದು ತೀರ್ಪಿತ್ತಿತು.

ಅದೇ ದ್ವೀಪದಲ್ಲಿ, ಲೆವಿಟೌನಿನಿಂದ ಸುಮಾರು 60 ಕಿಲೋಮೀಟರು ಪೂರ್ವಕ್ಕೆ, ಶೋರಂ-ವೇಡಿಂಗ್ ರಿವರ್ ಎಂಬ ಇನ್ನೊಂದು ಜಿಲ್ಲೆ ಇದೆ. ಎಪ್ಪತ್ತರ ದಶಕದಲ್ಲಿ ಅಲ್ಲಿನ ಮಿಡ್ಲ್ ಸ್ಕೂಲಿನ ಹೆಸರು ದೇಶದ ಶಿಕ್ಷಣ ವಲಯದಲ್ಲೆಲ್ಲ ಕೇಳಿಬರುತ್ತಿತ್ತು. 1972ರಲ್ಲಿ ಅದರ ಪ್ರಿನ್ಸಿಪಾಲರಾದ ಡೆನ್ನಿಸ್ ಲಿಟ್ಕಿ, ಮುಂದೆ ಅಮೆರಿಕದ ಹೆಸರಾಂತ ಶಾಲಾ ಸುಧಾರಕರಲ್ಲಿ ಒಬ್ಬರಾದವರು. ಆ ಶಾಲೆಯ ಜೀವಾಳ ಅಡ್ವೈಸರಿ ಎಂಬ ಸಣ್ಣ ಗುಂಪು. ಹತ್ತು ಮಕ್ಕಳ ಆಸುಪಾಸಿಗೆ ಒಬ್ಬ ಮೇಷ್ಟರು. ದಿನವೂ ಆ ಗುಂಪು ಅವರೊಡನೆ ಕೂರಬೇಕು. ಮಗು ಯಾಕೆ ಮಂಕಾಗಿದೆ, ಗಣಿತದಲ್ಲಿ ಎಲ್ಲಿ ತೊಡರಿದೆ, ಮನೆಯಲ್ಲಿ ಏನು ನಡೆದಿದೆ ಎಂಬುದು ಗೊತ್ತಿರಬೇಕಾದ ಒಬ್ಬ ವ್ಯಕ್ತಿ ಶಾಲೆಯಲ್ಲಿ ಇದ್ದೇ ಇರುತ್ತಿದ್ದರು. ತಂದೆತಾಯಿ ಮಾತಾಡಬೇಕಾದದ್ದೂ ಅವರ ಹತ್ತಿರವೇ. ಮಕ್ಕಳು ಶಾಲೆಯ ಹೊತ್ತಿನಲ್ಲಿಯೇ ವೃದ್ಧಾಶ್ರಮಗಳಿಗೆ, ಶಿಶುವಿಹಾರಗಳಿಗೆ ಹೋಗಿ ಕೆಲಸ ಮಾಡಿ ಬರುತ್ತಿದ್ದರು. 1984ರಲ್ಲಿ ಜೋನ್ ಲಿಪ್ಸಿಟ್ಜ್ ದೇಶದ ಯಶಸ್ವಿ ಮಿಡ್ಲ್ ಸ್ಕೂಲುಗಳ ಮೇಲೆ ಪುಸ್ತಕ ಬರೆದಾಗ ಆರಿಸಿಕೊಂಡ ನಾಲ್ಕೇ ಶಾಲೆಗಳಲ್ಲಿ ಇದೂ ಒಂದು. ಇಷ್ಟೆಲ್ಲ ಸಾಧ್ಯವಾಗಲು ಮೇಷ್ಟರುಗಳ ಸಂಖ್ಯೆ ಬೇಕು, ಅವರು ಸೇರಿ ಯೋಚಿಸಲು ದಿನದಲ್ಲಿ ಬಿಡುವು ಬೇಕು, ಬಸ್ಸು ಬೇಕು. ಅದಕ್ಕೆ ಹಣ ಎಲ್ಲಿತ್ತು? ಆ ಜಿಲ್ಲೆಯ ಗೆರೆಯೊಳಗೆ ಲಾಂಗ್ ಐಲೆಂಡ್ ಲೈಟಿಂಗ್ ಕಂಪನಿ ಶೋರಂ ಅಣು ವಿದ್ಯುತ್ ಸ್ಥಾವರವನ್ನು ಕಟ್ಟುತ್ತಿತ್ತು. ನೂರಾರು ಕೋಟಿ ಡಾಲರಿನ ಆ ಆಸ್ತಿಯೇ ಜಿಲ್ಲೆಯ ಶಾಲಾ ತೆರಿಗೆಯ ಬಹುಪಾಲನ್ನು ಹೊತ್ತಿತ್ತು. ಜನರ ವಿರೋಧದಿಂದ ಆ ಸ್ಥಾವರ ಒಂದು ದಿನವೂ ವಾಣಿಜ್ಯ ಉತ್ಪಾದನೆ ಮಾಡದೆ 1989ರ ಒಪ್ಪಂದದೊಂದಿಗೆ ಮುಚ್ಚಿಹೋಯಿತು. ಅದರಿಂದ ದ್ವೀಪದ ಜನರಿಗೆ ದಕ್ಕಿದ್ದು ಸಾಲದ ಹೊರೆ. ಒಂದು ಗಡಿಯೊಳಗಿನ ಮಕ್ಕಳಿಗೆ ಮಾತ್ರ ದಕ್ಕಿದ್ದು ದೇಶ ಮೆಚ್ಚಿದ ಶಾಲೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದೇ. ಹಣ ಇದ್ದ ಜಿಲ್ಲೆಗಳೆಲ್ಲ ಇಂಥ ಶಾಲೆ ಕಟ್ಟಲಿಲ್ಲವಲ್ಲ? ಲಿಪ್ಸಿಟ್ಜ್ ಆರಿಸಿದ ನಾಲ್ಕರಲ್ಲಿ ಡೆಟ್ರಾಯಿಟ್ ನಗರದ ಒಂದು ಶಾಲೆಯೂ ಇತ್ತಲ್ಲ? 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಸುಮಾರು ಆರು ಲಕ್ಷ ವಿದ್ಯಾರ್ಥಿಗಳನ್ನು ಪರೀಕ್ಷಿಸಿ ಬರೆದ ವರದಿಯೇ ಶಾಲೆಯ ಖರ್ಚಿಗಿಂತ ಮಗುವಿನ ಮನೆಯ ಹಿನ್ನೆಲೆ ಹೆಚ್ಚು ಮುಖ್ಯ ಎಂದು ಹೇಳಿತಲ್ಲ? ಇದೆಲ್ಲ ನಿಜ. ಹಣದಿಂದಲೇ ಒಳ್ಳೆಯ ಶಾಲೆ ಹುಟ್ಟುತ್ತದೆ ಎಂಬುದು ನನ್ನ ವಾದವಲ್ಲ. ಲಿಟ್ಕಿ ಮತ್ತು ಅವರ ಮೇಷ್ಟರುಗಳ ಕಲ್ಪನೆ, ದುಡಿಮೆ ಅವರದೇ. ಆದರೆ ಬಡ ಜಿಲ್ಲೆಯಲ್ಲಿ ಒಳ್ಳೆಯ ಮಿಡ್ಲ್ ಸ್ಕೂಲು ಎದ್ದರೆ ಅದು ಒಬ್ಬ ಅಸಾಧಾರಣ ಪ್ರಿನ್ಸಿಪಾಲರ ಬೆನ್ನ ಮೇಲೆ ನಿಂತಿರುತ್ತದೆ. ಅವರು ವರ್ಗವಾದರೆ ಕುಸಿಯುತ್ತದೆ. ತೆರಿಗೆ ಬಲವಿರುವ ಜಿಲ್ಲೆಯಲ್ಲಿ ಅದೇ ಕೆಲಸವನ್ನು ಸಾಧಾರಣ ಶ್ರದ್ಧೆಯವರೂ ಮುಂದುವರಿಸಬಲ್ಲರು. ಇನ್ನು ಕೋಲ್ಮನ್ ವರದಿಯಲ್ಲಿ ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಮನೆಯ ಹಿನ್ನೆಲೆಯ ನಂತರ ಮಗುವಿನ ಕಲಿಕೆಗೆ ತುಂಬ ಸಂಬಂಧ ಕಂಡದ್ದು ಪಕ್ಕದಲ್ಲಿ ಕೂತ ಸಹಪಾಠಿಗಳ ಹಿನ್ನೆಲೆಗೆ. ಪಕ್ಕದಲ್ಲಿ ಯಾರು ಕೂರಬೇಕು ಎಂದು ತೀರ್ಮಾನಿಸುವುದೇ ಗಡಿಗೆರೆಯ ಕೆಲಸ. ಆಕ್ಷೇಪಕ್ಕೆಂದು ತಂದ ಸಾಕ್ಷಿ ವಾದಕ್ಕೇ ನೆರವಾಗುತ್ತದೆ.

ಮೌಲ್ಯಗಳ ಮಾತಿಗೆ ಬಂದರೂ 1982ರ ವರ್ಷವನ್ನೇ ನೋಡಬೇಕು. ಆ ವರ್ಷ ರಾಷ್ಟ್ರೀಯ ಮಿಡ್ಲ್ ಸ್ಕೂಲ್ ಸಂಘ ತನ್ನ ನಂಬಿಕೆಗಳ ಹೇಳಿಕೆಯನ್ನು ಪ್ರಕಟಿಸಿತು: ಈ ವಯಸ್ಸಿನ ಮಕ್ಕಳನ್ನು ಬಲ್ಲ ಶಿಕ್ಷಕರು, ಹೊಸ ವಿಷಯಗಳನ್ನು ಮುಟ್ಟಿ ನೋಡುವ ಅವಕಾಶ, ಮಾರ್ಗದರ್ಶನ, ಒಳ್ಳೆಯ ವಾತಾವರಣ. ಇವತ್ತು ಶಾಲೆಗಳ ಗೋಡೆಗಳ ಮೇಲೆ ಕಾಣುವ ಮಾತುಗಳಲ್ಲಿ ಎಷ್ಟೋ ಅಲ್ಲಿಂದ ಇಳಿದು ಬಂದವು. ಲೆವಿಟೌನಿನ ತೆರಿಗೆ ದಾವೆ ಬಿದ್ದುಹೋದ ಆ ಜೂನ್‌ನಲ್ಲಿಯೇ, ಅದೇ ಊರಿನ ಇನ್ನೊಂದು ಮೊಕದ್ದಮೆಯ ತೀರ್ಪು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಿಂದ ಬಂತು. ಐಲೆಂಡ್ ಟ್ರೀಸ್ ಜಿಲ್ಲೆಯ ಆಡಳಿತ ಮಂಡಳಿ 1976ರಲ್ಲಿ ಹೈಸ್ಕೂಲು ಮತ್ತು ಜೂನಿಯರ್ ಹೈಸ್ಕೂಲು ಗ್ರಂಥಾಲಯಗಳಿಂದ ಕೆಲವು ಪುಸ್ತಕಗಳನ್ನು ತೆಗೆಸಿತ್ತು. ಕರ್ಟ್ ವಾನೆಗಟ್, ರಿಚರ್ಡ್ ರೈಟ್, ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ಹೆಸರಿರುವ ಪುಸ್ತಕಗಳು ಅದರಲ್ಲಿದ್ದವು. ಸಂಪ್ರದಾಯವಾದಿ ಪಾಲಕರ ಸಮ್ಮೇಳನವೊಂದರಲ್ಲಿ ಸಿಕ್ಕ ಪಟ್ಟಿಯೇ ಆಧಾರ. ಪುಸ್ತಕಗಳನ್ನು ಓದಿ ವರದಿ ಕೊಡಲು ತಾನೇ ನೇಮಿಸಿದ ಸಮಿತಿ ಕೆಲವನ್ನು ಉಳಿಸಿಕೊಳ್ಳಿ ಎಂದರೂ ಮಂಡಳಿ ಕೇಳಲಿಲ್ಲ. ಐವರು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಅವರಲ್ಲಿ ಒಬ್ಬರು ಜೂನಿಯರ್ ಹೈಸ್ಕೂಲಿನವರು. ಪುಸ್ತಕದ ವಿಚಾರ ಇಷ್ಟವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಗ್ರಂಥಾಲಯದಿಂದ ಕಿತ್ತುಹಾಕುವಂತಿಲ್ಲ ಎಂಬುದು ನ್ಯಾಯಮೂರ್ತಿ ಬ್ರೆನನ್ ಅವರ ಅಭಿಪ್ರಾಯವಾಗಿತ್ತು. ಪೀಠ ಐದಕ್ಕೆ ನಾಲ್ಕು ಎಂದು ಒಡೆದಿತ್ತು. ಪುಸ್ತಕಗಳು ಕಪಾಟಿಗೆ ಮರಳಿದವು. ಶಾಲೆಯ ಮೌಲ್ಯ ಎಂಬುದು ಶಿಕ್ಷಣ ತಜ್ಞರ ಹೇಳಿಕೆಯಿಂದ ಇಳಿದು ಬರುವುದಿಲ್ಲ ಎಂದು ಈ ಪ್ರಕರಣ ತೋರಿಸುತ್ತದೆ. ಗಡಿಯೊಳಗೆ ಮತ ಹಾಕುವವರು ಯಾರೋ ಅವರ ಮೌಲ್ಯವೇ ಶಾಲೆಯ ಮೌಲ್ಯ. ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್ 1958ರಿಂದ ಎರಡು ವರ್ಷ ನ್ಯೂಜೆರ್ಸಿಯ ಇನ್ನೊಂದು ಲೆವಿಟೌನಿನಲ್ಲಿ ವಾಸವಿದ್ದು ಬರೆದ ಅಧ್ಯಯನದಲ್ಲಿಯೂ ಇದೇ ಕಾಣುತ್ತದೆ: ಶಾಲೆಗೆ ಎಷ್ಟು ಖರ್ಚು ಮಾಡಬೇಕು, ಎಂಥ ಶಾಲೆ ಬೇಕು ಎಂಬುದರ ಮೇಲೆ ಆ ಊರಿನ ಜನ ಜಗಳವಾಡಿಕೊಂಡೇ ಇದ್ದರು. ಹಣದ ಮೊಕದ್ದಮೆಯಲ್ಲಿ ನ್ಯಾಯಾಲಯ ಕಾಪಾಡಿದ ಸ್ಥಳೀಯ ಸ್ವಾತಂತ್ರ್ಯ ಎಂದರೆ ಇದೇ. ಲೆವಿಟೌನಿಗೆ ಒಳ್ಳೆಯ ಪುಸ್ತಕ ಕೊಳ್ಳುವ ಶಕ್ತಿಯನ್ನು ಅದು ಕೊಡಲಿಲ್ಲ.

ಇನ್ನು ಸಾಧನೆ. 2002ರ ಜನವರಿಯಲ್ಲಿ ಜಾರಿಗೆ ಬಂದ ಕೇಂದ್ರ ಕಾಯ್ದೆ ಮೂರರಿಂದ ಎಂಟನೆಯ ತರಗತಿಯವರೆಗೆ ಪ್ರತಿ ವರ್ಷ ಓದು, ಗಣಿತಗಳ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಹೀಗಾಗಿ ಆರರಿಂದ ಎಂಟರವರೆಗಿನ ಮಿಡ್ಲ್ ಸ್ಕೂಲಿನಲ್ಲಿ ಪರೀಕ್ಷೆಯಿಲ್ಲದ ತರಗತಿಯೇ ಉಳಿಯಲಿಲ್ಲ. ಅಂಕಗಳು ಪ್ರಕಟವಾದಂತೆ ಅವು ಮನೆ ಮಾರುವವರ ಜಾಹೀರಾತಿಗೂ ಹೋದವು. ಸ್ಯಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿಯೇ ಬಾಸ್ಟನ್ ಸುತ್ತಲಿನ ಉಪನಗರಗಳಲ್ಲಿ, ಒಂದೇ ಬೀದಿಯ ಆಚೆ ಈಚೆ ಬೇರೆ ಬೇರೆ ಪ್ರಾಥಮಿಕ ಶಾಲೆಗಳಿಗೆ ಸೇರಿದ ಮನೆಗಳ ಬೆಲೆ ಹೋಲಿಸಿ, ಶಾಲೆಯ ಅಂಕ ಶೇ. 5ರಷ್ಟು ಮೇಲಿದ್ದರೆ ಜನ ಮನೆಗೆ ಸುಮಾರು ಶೇ. 2.5 ಹೆಚ್ಚು ಕೊಡುತ್ತಾರೆಂದು ತೋರಿಸಿದ್ದರು. ಆ ಹೆಚ್ಚಿನ ಬೆಲೆ ಕೊಡಬಲ್ಲವರ ಮಕ್ಕಳು ಬಂದು ಅಂಕವನ್ನು ಇನ್ನಷ್ಟು ಮೇಲೇರಿಸುತ್ತಾರೆ. ಇಂಥ ಅಂಕದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು? ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ದೇಶದ ಹನ್ನೊಂದು ಸಾವಿರದಷ್ಟು ಶಾಲಾ ಜಿಲ್ಲೆಗಳ ಅಂಕಗಳನ್ನು ಒಟ್ಟುಗೂಡಿಸಿ ಎರಡನ್ನೂ ಬೇರ್ಪಡಿಸಿದರು. ಸರಾಸರಿ ಅಂಕ ಊರಿನ ಸಿರಿತನದ ಜೊತೆಗೇ ಏರುತ್ತದೆ. ಆದರೆ ಮೂರನೆಯ ತರಗತಿಯಿಂದ ಎಂಟನೆಯದಕ್ಕೆ ಮಕ್ಕಳು ಎಷ್ಟು ಬೆಳೆದರು ಎಂದು ನೋಡಿದರೆ ಆ ಸಂಬಂಧ ತೀರ ಸಡಿಲ. ಷಿಕಾಗೋ ನಗರದ ಸರ್ಕಾರಿ ಶಾಲೆಗಳ ಮಕ್ಕಳು, ಬಹುಪಾಲು ಬಡವರು, ಐದು ವರ್ಷದಲ್ಲಿ ಆರು ವರ್ಷಕ್ಕೆ ಸಮನಾದುದನ್ನು ಕಲಿತಿದ್ದರು. ಅಷ್ಟು ಕಲಿಸಿದ ಶಾಲೆಗಳು ಮನೆ ಹುಡುಕುವವರ ಪಟ್ಟಿಯಲ್ಲಿ ಕೆಳಗಿದ್ದವು. ಮಿಡ್ಲ್ ಸ್ಕೂಲಿನ ಮಟ್ಟಿಗೆ ಇನ್ನೊಂದು ಕಹಿ ಸಂಗತಿಯೂ ಇದೆ. ನ್ಯೂಯಾರ್ಕ್ ನಗರದ ಮಕ್ಕಳ ಮೇಲೆ ರಾಕಾಫ್ ಮತ್ತು ಲಾಕ್‌ವುಡ್ 2010ರಲ್ಲಿ, ಫ್ಲಾರಿಡಾದ ಮಕ್ಕಳ ಮೇಲೆ ಶ್ವೆರ್ಟ್ ಮತ್ತು ವೆಸ್ಟ್ ಆಮೇಲೆ ನಡೆಸಿದ ಅಧ್ಯಯನಗಳಲ್ಲಿ, ಮಿಡ್ಲ್ ಸ್ಕೂಲಿಗೆ ದಾಟಿಕೊಂಡ ಮಕ್ಕಳು ಎಂಟರವರೆಗೆ ಒಂದೇ ಶಾಲೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು. ಹಾಗಾಗಿ ನಮ್ಮವರು ಅಮೆರಿಕದಲ್ಲಿ ಶಾಲೆ ಆರಿಸುವಾಗ ಕೇಳಬೇಕಾದದ್ದು ಎಷ್ಟು ಮಂದಿ ಪಾಸಾದರು ಎಂದಲ್ಲ. ಆರನೆಯ ತರಗತಿಗೆ ಬಂದ ಮಗು ಎಂಟು ಮುಗಿಸುವಾಗ ತಾನಿದ್ದ ಜಾಗದಿಂದ ಎಷ್ಟು ಮುಂದೆ ಬಂತು ಎಂದು.

ಕೊನೆಯ ಆಕ್ಷೇಪ ಮನುಷ್ಯ ಸಹಜವಾದದ್ದು. ತಂದೆತಾಯಿ ಹೊಟ್ಟೆ ಬಟ್ಟೆ ಕಟ್ಟಿ, ಮೂವತ್ತು ವರ್ಷದ ಸಾಲ ಹೊತ್ತು ಒಳ್ಳೆಯ ಶಾಲೆಯಿರುವ ಊರಿಗೆ ಬಂದಿದ್ದಾರೆ. ಅದರಲ್ಲಿ ತಪ್ಪೇನು? ಅವರ ತಪ್ಪೇನೂ ಇಲ್ಲ. 1965ರ ವಲಸೆ ಕಾಯ್ದೆಯ ನಂತರ ಹೋದ ಭಾರತೀಯರಂತೂ ಈ ಗೆರೆಗಳನ್ನು ಎಳೆದವರಲ್ಲ, ಎಳೆದ ಮೇಲೆ ಬಂದವರು. ಆದರೆ ಗೆರೆ ತಾನಾಗಿ ಮೂಡಿದ್ದಲ್ಲ, ಅದನ್ನು ಕಾನೂನು ಕಾಯುತ್ತ ಬಂದಿದೆ ಎಂಬುದನ್ನು ಮರೆಯಬಾರದು. 1973ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಬಡ ಪಾಲಕರು ತೆರಿಗೆಯ ಈ ಅಸಮತೆಯನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಅವರನ್ನು ವಾಪಸು ಕಳಿಸಿತು. ಮರುವರ್ಷ ಡೆಟ್ರಾಯಿಟಿನ ಮಕ್ಕಳನ್ನೂ ಸುತ್ತಲಿನ 53 ಉಪನಗರ ಜಿಲ್ಲೆಗಳ ಮಕ್ಕಳನ್ನೂ ಬೆರೆಸುವ ಯೋಜನೆಯನ್ನು ಅದೇ ಐದಕ್ಕೆ ನಾಲ್ಕರಿಂದ ತಳ್ಳಿಹಾಕಿತು. ಲೆವಿಟೌನಿನಿಂದ ಕೆಲವೇ ಕಿಲೋಮೀಟರು ದೂರದ ರೂಸ್‌ವೆಲ್ಟ್ ಜಿಲ್ಲೆಯಲ್ಲಿ ಬಹುತೇಕ ಕಪ್ಪು ಮತ್ತು ಲ್ಯಾಟಿನೊ ಮಕ್ಕಳು. 2002ರಲ್ಲಿ ಅದರ ಶಾಲೆಗಳು ಎಷ್ಟು ಕೆಟ್ಟಿದ್ದವೆಂದರೆ ರಾಜ್ಯವೇ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಪಕ್ಕದ ಶಾಲಾ ಜಿಲ್ಲೆಗಳ ಜೊತೆ ಅದನ್ನು ಸೇರಿಸಲಿಲ್ಲ.

ಲೆವಿಟೌನಿನ ಸೋಲಿನಲ್ಲಿ ಹುಟ್ಟಿದ ಭದ್ರವಾದ ಮೂಲ ಶಿಕ್ಷಣ ಎಂಬ ಮಾತನ್ನೇ ಹಿಡಿದು ನ್ಯೂಯಾರ್ಕ್ ನಗರದ ಪಾಲಕರು 1993ರಲ್ಲಿ ಹೊಸ ದಾವೆ ಹೂಡಿದರು. ಸಮಾನತೆ ಬೇಡ, ಸಂವಿಧಾನ ಕೊಡುತ್ತೇನೆಂದ ಆ ಮೂಲ ಶಿಕ್ಷಣವನ್ನಾದರೂ ಕೊಡಿ ಎಂಬುದು ಅವರ ಬೇಡಿಕೆ. 2002ರಲ್ಲಿ ಮೇಲ್ಮನವಿ ಪೀಠ ಎಂಟು, ಒಂಬತ್ತನೆಯ ತರಗತಿಯ ಮಟ್ಟದ ಓದು ಬರಹ ಲೆಕ್ಕ ಬಂದರೆ ರಾಜ್ಯದ ಹೊಣೆ ತೀರಿತು ಎಂದು ತೀರ್ಪು ಕೊಟ್ಟಿತು. ಮಿಡ್ಲ್ ಸ್ಕೂಲು ಮುಗಿಯುವಲ್ಲಿಯೇ ಬಡ ಮಗುವಿನ ಹಕ್ಕೂ ಮುಗಿಯುತ್ತದೆ ಎಂಬುದು ಅದರ ಅರ್ಥ. 2003ರ ಜೂನ್‌ನಲ್ಲಿ ರಾಜ್ಯದ ಉಚ್ಚ ಪೀಠ ಇದನ್ನು ಒಪ್ಪಲಿಲ್ಲ; ಅರ್ಥಪೂರ್ಣ ಹೈಸ್ಕೂಲು ಶಿಕ್ಷಣ ಪ್ರತಿ ಮಗುವಿನ ಹಕ್ಕು ಎಂದಿತು. ಅದರ ಫಲವಾಗಿ 2007ರಲ್ಲಿ ರಾಜ್ಯ ಹೊಸ ಅನುದಾನ ಸೂತ್ರವನ್ನು ತಂದಿತು. ಆ ಸೂತ್ರದ ಪೂರ್ತಿ ಹಣ ಜಿಲ್ಲೆಗಳಿಗೆ ಸಿಗಲು 2023ರವರೆಗೆ ಕಾಯಬೇಕಾಯಿತು. 2007ರಲ್ಲಿ ಆರನೆಯ ತರಗತಿಗೆ ಸೇರಿದ ಮಗುವಿಗೆ ಅಷ್ಟು ಹೊತ್ತಿಗೆ ಸುಮಾರು ಇಪ್ಪತ್ತೇಳು ವರ್ಷವಾಗಿತ್ತು.